ವಾರ್ಧಕ್ಯದ ಶೋಧನೆಗೆ ಮೆದುಳನ್ನಿತ್ತ ಸನ್ಯಾಸಿನಿಯರು

ಅನ್ನದಾನ, ವಸ್ತ್ರದಾನ, ಭೂದಾನ, ಗೋದಾನ, ವಿದ್ಯಾದಾನಗಳ ಮಹಿಮೆಯನ್ನು ನಮ್ಮ ನಾಡಿನ ಶಾಸನಗಳೂ ಗ್ರಂಥಗಳೂ ವಿಸ್ತಾರವಾಗಿ ಸಾರಿರುವುವು. ಇವೆಲ್ಲವೂ ದಾನಿಯು ಜೀವಿಸಿರುವಾಗಲೇ ನಡೆಯತಕ್ಕವುಗಳು. ತಾನು ಕೊಟ್ಟದ್ದರ ಫಲವನ್ನು ಅಲ್ಪಸ್ವಲ್ಪವಾದರೂ ಕಣ್ಣಾರೆ ಕಂಡು ಸಂತೋಷಪಡುವುದಕ್ಕೆ ಇವುಗಳಲ್ಲಿ ಅವಕಾಶವುಂಟು. ಇವುಗಳಿಂದ ಭಿನ್ನವಾದ ದಾನವೊಂದಿರುವುದು. ಅದು ಸಲ್ಲುವ ಹೊತ್ತಿಗೆ ದಾನಿಯು ಇರುವುದಿಲ್ಲ. ಅದರ ಫಲವನ್ನು ಆತನು ಕಾಣುವುದಿಲ್ಲ. ಎಷ್ಟೋ ವೇಳೆ ಕಡೆಗಾಲದಲ್ಲಿ ತಾನು ಅಂತಹ ದಾನವನ್ನು ಸಂಕಲ್ಪಿಸಿದ್ದೆನೆಂಬ ನೆನಪೂ ಆತನಿಗೆ ಉಳಿದಿರುವುದಿಲ್ಲ. ಮನುಷ್ಯನು ತನ್ನ ಮೃತದೇಹವನ್ನು, ವಿಶೇಷವಾಗಿ ತನ್ನ ಮೆದುಳನ್ನು, ಮುಪ್ಪಿನ ಸ್ವರೂಪವನ್ನು ಶೋಧಿಸುವ ಪಂಡಿತರಿಗೆ ಒಪ್ಪಿಸುವುದೇ ಆ ದಾನವು. ಇದರ ಚರಿತ್ರೆಯಲ್ಲಿ ಅಮೇರಿಕಾ ದೇಶದ ೬೭೮ ಮಂದಿ ವೃದ್ಧ ಕ್ರೈಸ್ತ ಸನ್ಯಾಸಿನಿಯರಿಗೆ ವಿಶಿಷ್ಟವಾದ ಸ್ಥಾನವುಂಟು. ಅವರ ವೃತ್ತಾಂತವು ಮಠಜೀವನವನ್ನು ಬಲ್ಲವರೆಲ್ಲರೂ ಮನನಮಾಡತಕ್ಕುದಾಗಿದೆ.

೧. ದೇಹಶೋಧನೆಯ ಪೂರ್ವಚರಿತ್ರೆ

ಮೃತದೇಹವನ್ನು ಪರೀಕ್ಷಿಸಿ ಶರೀರರಚನೆಯನ್ನು ಅರಿಯುವ ಪದ್ಧತಿಯು ಪಾಶ್ಚಾತ್ಯರಿಂದ ಬಂದುದೆಂದು ಅನೇಕರು ಭಾವಿಸಿರುವರು. ಅದು ಸರಿಯಲ್ಲ. ಶಸ್ತ್ರವೈದ್ಯಕ್ಕೆ ಮೂಲಗ್ರಂಥವಾದ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಇದಕ್ಕೆ ವಿಧಿಯೇ ಇರುವುದು. ಶರೀರವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಜನರ ಕಣ್ಣಿಗೆ ಬೀಳದ ಎಡೆಯಲ್ಲಿ ಹರಿಯುವ ನೀರಿನಲ್ಲಿಟ್ಟು, ಏಳು ರಾತ್ರಿಗಳು ಕಳೆದ ಮೇಲೆ ಹೊರತೆಗೆದು, ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಳಗಿನ ಅಂಗಗಳನ್ನೆಲ್ಲ ಕಣ್ಣಿನಿಂದ ನೋಡಿ ತಿಳಿಯಬೇಕೆಂದು ಆಚಾರ್ಯನು ವಿಧಿಸಿರುವನು. ಕಂಡದ್ದೂ ಓದಿದ್ದೂ ಕೂಡಿದಲ್ಲದೆ ಜ್ಞಾನವು ಪೂರ್ಣವಾಗದೆಂಬುದು ಆತನ ಮತವು.

ಆದರೆ ಎಂತಹ ದೇಹವನ್ನು ಆರಿಸಿಕೊಳ್ಳಬೇಕೆಂಬ ವಿಷಯದಲ್ಲಿ ಆತನು ಕೆಲವು ನಿಷೇಧಗಳನ್ನು ಹೇಳಿರುವನು. ಅಂಗಹೀನವಾದುದು ಕೂಡದು, ವಿಷದಿಂದ ಮಡಿದವನದು ಕೂಡದು, ದೀರ್ಘರೋಗದಿಂದ ನವೆದವನದು ಕೂಡದು, ನೂರು ವರ್ಷ ಬದುಕಿದವನದೂ ಕೂಡದು. ಶರೀರದ ಸಹಜಸ್ಥಿತಿಯನ್ನು ಕಲಿಯಬೇಕಾದ ಶಿಷ್ಯನಿಗೆ ಜೀರ್ಣವಾದ ಶರೀರವು ಪಾಠವಾಗಲಾರದೆಂಬುದೇ ಇದರ ಆಶಯವಾಗಿರಬೇಕು. ಆ ಆಚಾರ್ಯನು ಬದಿಗಿರಿಸಿದ ಶತಾಯುಷಿಗಳ ಶರೀರವನ್ನೇ ಬೇಕೆಂದು ಬೇಡುವ ಶಾಸ್ತ್ರವೊಂದು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿತು.

ಅದಕ್ಕೆ ಮುಂಚೆ ಯೂರೋಪು ಖಂಡದಲ್ಲಿ ದೇಹಗಳು ದಾನವಾಗಿ ಬಂದುದಕ್ಕಿಂತ ಕಸಿದುಕೊಂಡುವಾಗಿ ಬಂದುದೇ ಹೆಚ್ಚು. ಗಲ್ಲಿಗೇರಿಸಲ್ಪಟ್ಟವರ ಹೆಣಗಳು ಸಾಲದೆ ಹೋದಾಗ ಗೋರಿಗಳನ್ನು ಅಗೆದು ಕದಿಯುವ ಕಳ್ಳರು ಹುಟ್ಟಿಕೊಂಡರು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ೧೮೨೮ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಮಂದಿಯನ್ನು ಕೊಂದು, ಹೆಣಗಳನ್ನು ಅಂಗರಚನೆಯ ಬೋಧಕನೊಬ್ಬನಿಗೆ ಮಾರಿದ ಸಂಗತಿಯು ಬಯಲಾಗಿ ದೇಶವೇ ನಡುಗಿತು. ೧೮೩೨ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ, ಅನಾಥಾಲಯಗಳಲ್ಲಿ ಸತ್ತು ವಾರಸುದಾರರು ಬಾರದ ಬಡವರ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಡಬಹುದೆಂದು ವಿಧಿಸಿತು. ಕಳ್ಳತನವು ನಿಂತಿತು, ಆದರೆ ದೇಹಶೋಧನೆಯು ದಿಕ್ಕಿಲ್ಲದವರಿಗೆ ಬರುವ ದುರ್ಗತಿಯೆಂಬ ಭೀತಿಯು ಬಡವರ ಮನಸ್ಸಿನಲ್ಲಿ ನೆಲೆಯೂರಿತು. ಅದೇ ವರ್ಷ ತೀರಿಕೊಂಡ ಜೆರೆಮಿ ಬೆಂಥಮ್ ಎಂಬ ತತ್ತ್ವಜ್ಞನು ತನ್ನ ದೇಹವನ್ನು ಪರೀಕ್ಷಿಸಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟು, ಇದು ಗೌರವಸ್ಥನೂ ತಾನಾಗಿ ಕೊಡಬಹುದಾದ ವಸ್ತುವೆಂದು ತೋರಿಸಿದನು. ನಮ್ಮ ದೇಶದಲ್ಲಿ ೧೮೩೬ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಆಯುರ್ವೇದ ಪಂಡಿತರಾದ ಮಧುಸೂದನ ಗುಪ್ತರು ಜನಾಪವಾದವನ್ನು ಲೆಕ್ಕಿಸದೆ ಶವವನ್ನು ಶಸ್ತ್ರದಿಂದ ಶೋಧಿಸಿದರು.

ವಿದ್ಯೆಯು ಬೆಳೆದ ಮೇಲೂ ಕೇಳದೆ ತೆಗೆದುಕೊಳ್ಳುವ ಅಭ್ಯಾಸವು ಪೂರ್ತಿಯಾಗಿ ಅಳಿಯಲಿಲ್ಲ. ೧೯೫೫ರಲ್ಲಿ ಐನ್‌ಸ್ಟೈನರು ಪ್ರಿನ್ಸ್‌ಟನ್ನಿನಲ್ಲಿ ಕಾಲವಾದಾಗ ಶವಪರೀಕ್ಷೆ ಮಾಡಿದ ವೈದ್ಯನು ಮನೆಯವರ ಅನುಮತಿಯನ್ನು ಮೊದಲು ಪಡೆಯದೆಯೇ ಅವರ ಮೆದುಳನ್ನು ತೆಗೆದಿಟ್ಟುಕೊಂಡನು. ಮಗನ ಒಪ್ಪಿಗೆಯು ದೊರೆತದ್ದು ಆಮೇಲೆ. ಜಗತ್ತಿನ ಮಹಾಮೇಧಾವಿಗೇ ಹೀಗಾದ ಮೇಲೆ ಸಾಮಾನ್ಯರ ಪಾಡು ಹೇಳತಕ್ಕುದೇನು? ಆದಕಾರಣ, ತಾವಾಗಿ, ತಿಳಿದು, ಬುದ್ಧಿಯು ಸ್ವಸ್ಥವಾಗಿರುವಾಗಲೇ ಮೆದುಳನ್ನು ವಾಗ್ದಾನಮಾಡಿದ ಸ್ತ್ರೀಯರ ಕಾರ್ಯವು ಎಂತಹದೆಂಬುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು.

೨. ಅರಳುಮರಳಿನ ಪ್ರಶ್ನೆ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಮನೆಮನೆಯ ಮಾತು. ವಯಸ್ಸಾದಂತೆ ಬುದ್ಧಿಯು ಮಂಕಾಗುವುದು ಕೂದಲು ನರೆಯುವಷ್ಟೇ ಸಹಜವೆಂದು ಜನರು ತಿಳಿದಿದ್ದರು. ೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಎಂಬ ಐವತ್ತೊಂದು ವರ್ಷದ ಹೆಂಗಸು ಬಂದಳು. ಆಕೆಗೆ ತನ್ನವರ ಗುರುತು ತಪ್ಪುತ್ತಿದ್ದಿತು. ತನ್ನ ಹೆಸರನ್ನು ಬರೆಯಹೊರಟರೂ ನಡುವೆ ಮರೆಯುತ್ತಿದ್ದಿತು. ೧೯೦೬ರಲ್ಲಿ ಆಕೆ ಸತ್ತ ಮೇಲೆ ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯನು ಆಕೆಯ ಮೆದುಳಿನ ತೆಳುವಾದ ತುಣುಕುಗಳಿಗೆ ಬೆಳ್ಳಿಯ ದ್ರಾವಣದಿಂದ ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಜೀವಕೋಶಗಳ ನಡುವೆ ಹೆಪ್ಪುಗಟ್ಟಿದ ಚಕ್ಕೆಗಳೂ, ಕೋಶಗಳ ಒಳಗೆ ತೊಡಕಿಬಿದ್ದ ನೂಲಿನಂತಹ ಸಿಕ್ಕುಗಳೂ ಆತನಿಗೆ ಕಂಡುವು. ೧೯೧೦ರಲ್ಲಿ ಕ್ರೆಪೆಲಿನ್ ಎಂಬ ಪಂಡಿತನು ಈ ರೋಗಕ್ಕೆ ಆಲ್ಜೈಮರನ ಹೆಸರನ್ನೇ ಇಟ್ಟನು.

ಆದರೂ ಬಹುಕಾಲದವರೆಗೆ ಇದು ನಡುವಯಸ್ಸಿನಲ್ಲಿ ಬರುವ ಅಪರೂಪದ ರೋಗವೆಂದೂ, ಮುದುಕರ ಮರೆವು ಬೇರೆಯೆಂದೂ ಎಣಿಸಲಾಗುತ್ತಿದ್ದಿತು. ೧೯೬೮ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವೈದ್ಯರು ಅರಳುಮರಳಾದ ವೃದ್ಧರ ಮೆದುಳುಗಳನ್ನು ಪರೀಕ್ಷಿಸಿ, ಅದೇ ಚಕ್ಕೆಗಳು ಅವುಗಳಲ್ಲಿಯೂ ತುಂಬಿರುವುದನ್ನು ತೋರಿಸಿದರು. ಮುಪ್ಪಿನ ಮರೆವು ಬಹುಪಾಲು ರೋಗವೇ ಹೊರತು ವಯೋಧರ್ಮವಲ್ಲವೆಂಬ ತಿಳಿವಳಿಕೆಯು ಅಲ್ಲಿಂದ ಬಲಗೊಂಡಿತು. ಅದರೊಡನೆ ಒಂದು ತೊಡಕೂ ತಲೆದೋರಿತು. ಕಡೆಯವರೆಗೆ ಬುದ್ಧಿಯು ನೆಟ್ಟಗಿದ್ದ ಕೆಲವು ಮುದುಕರ ಮೆದುಳಿನಲ್ಲಿಯೂ ಅವೇ ಕುರುಹುಗಳು ಕಂಡುವು. ಹಾಗಾದರೆ ಒಬ್ಬನು ಮರೆಯುವನು, ಮತ್ತೊಬ್ಬನು ಮರೆಯದಿರುವನು, ಇದಕ್ಕೆ ಕಾರಣವೇನು?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲವು ಬರಿಯ ಮೃತದೇಹಗಳಲ್ಲ. ಹೆಣವು ಕಡೆಯ ಸ್ಥಿತಿಯನ್ನು ಮಾತ್ರ ತೋರಿಸುವುದು. ಬದುಕಿನ ನಡೆಯನ್ನು ಹೇಳಲಾರದು. ಮರಣಕ್ಕೆ ಮುಂಚೆ ವರ್ಷವರ್ಷವೂ ಆ ಮನುಷ್ಯನ ನೆನಪು ಹೇಗಿದ್ದಿತು, ಬಾಲ್ಯದಲ್ಲಿ ಏನು ಕಲಿತನು, ಏನು ಉಂಡನು, ಯಾವ ಕೆಲಸವನ್ನು ಮಾಡಿದನು ಎಂಬುದೆಲ್ಲವೂ ತಿಳಿದಿರಬೇಕು. ರೋಗಿಗಳ ಮೆದುಳನ್ನು ಬಂಧುಗಳು ಕಾರಣವನ್ನು ತಿಳಿಯಲಿಚ್ಛಿಸಿ ಕೊಡುವುದುಂಟು; ಆರೋಗ್ಯವಾಗಿ ಬಾಳಿದ ವೃದ್ಧನ ಮೆದುಳನ್ನು ಯಾರು ಕೊಡುವರು? ಅಮೇರಿಕಾದ ಬಾಲ್ಟಿಮೋರಿನಲ್ಲಿ ೧೯೫೮ರಿಂದ ಜೀವಂತರನ್ನೇ ಮತ್ತೆ ಮತ್ತೆ ಕರೆದು ಪರೀಕ್ಷಿಸಿ ಮುಪ್ಪಿನ ಕ್ರಮವನ್ನು ಅರಿಯುವ ಕಾರ್ಯವು ಮೊದಲಾಗಿದ್ದಿತು. ಆದರೆ ಅದರಲ್ಲಿ ಇಪ್ಪತ್ತು ವರ್ಷಗಳ ತನಕ ಗಂಡಸರಿಗೆ ಮಾತ್ರ ಪ್ರವೇಶವಿದ್ದು, ಸ್ತ್ರೀಯರನ್ನು ಸೇರಿಸಿಕೊಂಡದ್ದು ೧೯೭೮ರಲ್ಲಿ. ಮುಪ್ಪನ್ನು ಹೆಚ್ಚು ಕಾಲ ಅನುಭವಿಸುವವರು ಸ್ತ್ರೀಯರೇ ಆಗಿರಲು, ಅವರ ಮುಪ್ಪಿನ ವಿಚಾರವು ಇಷ್ಟು ತಡವಾದುದು ಸೋಜಿಗವು.

೩. ಬೋಧಕ ಸನ್ಯಾಸಿನಿಯರ ಸಂಘ

ಈ ಕೊರತೆಯು ನೀಗಿದ್ದು ವೈದ್ಯಶಾಲೆಯೊಂದರಿಂದಲ್ಲ, ಸನ್ಯಾಸಿನಿಯರ ಮಠಗಳಿಂದ. ೧೮೩೩ರಲ್ಲಿ ಬವೇರಿಯಾ ಪ್ರಾಂತದಲ್ಲಿ ಕರೊಲೀನಾ ಗೆರ್ಹಾರ್ಡಿಂಗರ್ ಎಂಬ ಸಾಧ್ವಿಯು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಉದ್ದೇಶದಿಂದ ಒಂದು ಸಂಘವನ್ನು ಸ್ಥಾಪಿಸಿದರು. ‘ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್’ ಎಂಬುದು ಅದರ ಹೆಸರು. ೧೮೪೭ರಲ್ಲಿ ಈ ಸನ್ಯಾಸಿನಿಯರು ಕಡಲನ್ನು ದಾಟಿ ಅಮೇರಿಕಾಕ್ಕೆ ಹೋಗಿ, ಅಲ್ಲಿಗೆ ವಲಸೆ ಬಂದಿದ್ದ ಜರ್ಮನ್ ಕುಟುಂಬಗಳ ಮಕ್ಕಳಿಗೆ ಪಾಠಶಾಲೆಗಳನ್ನು ತೆರೆದರು. ಕಾಲಕ್ರಮದಲ್ಲಿ ಮಿಲ್ವಾಕಿ, ಬಾಲ್ಟಿಮೋರ್, ಸೇಂಟ್ ಲೂಯಿಸ್, ಶಿಕಾಗೊ, ಮಿನ್ನೆಸೋಟ ಸಂಸ್ಥಾನದ ಮನ್ಕೇಟೊ ಮೊದಲಾದ ಸ್ಥಳಗಳಲ್ಲಿ ಅವರ ಮಠಗಳು ಬೆಳೆದುವು.

ಅವರು ಮದುವೆಯಾಗುವುದಿಲ್ಲ; ಸ್ವಂತ ಸೊತ್ತನ್ನು ಇಟ್ಟುಕೊಳ್ಳುವುದಿಲ್ಲ; ಹೊಗೆಬತ್ತಿಯ ಚಟವಿಲ್ಲ; ಒಂದೇ ಅಡುಗೆಮನೆಯಲ್ಲಿ ಉಣ್ಣುವರು; ಒಂದೇ ಬಗೆಯ ಮನೆಗಳಲ್ಲಿ ವಾಸಿಸುವರು; ಕಾಯಿಲೆಯಾದರೆ ಎಲ್ಲರಿಗೂ ಒಂದೇ ತರದ ಶುಶ್ರೂಷೆಯು ದೊರೆಯುವುದು. ಹೊರಗಿನ ಲೋಕದಲ್ಲಿ ಒಬ್ಬನ ಆಯುಷ್ಯವು ಹೆಚ್ಚಿ ಇನ್ನೊಬ್ಬನದು ಕುಗ್ಗುವುದಕ್ಕೆ ಬಡತನ ಸಿರಿತನಗಳು, ದುರಭ್ಯಾಸಗಳು, ವೈದ್ಯರ ಅಭಾವ ಮೊದಲಾದ ನೂರು ಕಾರಣಗಳು ಹೆಣೆದುಕೊಂಡಿರುವುವು. ಮಠದಲ್ಲಿ ಆ ಭೇದಗಳು ಬಹಳಮಟ್ಟಿಗೆ ಅಳಿದುಹೋಗಿರುವುದರಿಂದ, ಉಳಿದ ಭೇದಗಳು ನಿಚ್ಚಳವಾಗಿ ಕಾಣುವುವು. ಸಮಾನತೆಯ ವ್ರತವನ್ನು ಅವರು ಕೈಕೊಂಡದ್ದು ಪಾರಮಾರ್ಥಿಕಕ್ಕಾಗಿ. ಆದರೆ ಅದು ಶಾಸ್ತ್ರಕ್ಕೂ ಉಪಕಾರಿಯಾಯಿತು.

ಇನ್ನೊಂದು ನಿಧಿಯೂ ಅಲ್ಲಿ ಅಡಗಿದ್ದಿತು. ೧೯೩೦ರ ಸೆಪ್ಟೆಂಬರಿನಲ್ಲಿ ಉತ್ತರ ಅಮೇರಿಕಾದ ಮಠಗಳ ಮುಖ್ಯಾಧಿಕಾರಿಣಿಯು, ಪ್ರತಿಯೊಬ್ಬ ಸನ್ಯಾಸಿನಿಯೂ ತನ್ನ ಹುಟ್ಟು, ತಂದೆತಾಯಿಗಳು, ಓದಿದ ಶಾಲೆ, ಮಠಕ್ಕೆ ಬಂದ ಬಗೆ ಇವುಗಳನ್ನು ಒಂದು ಹಾಳೆಯಲ್ಲಿ, ಇನ್ನೂರು ಮುನ್ನೂರು ಮಾತುಗಳಿಗೆ ಮೀರದಂತೆ, ಸ್ವಹಸ್ತದಿಂದ ಬರೆದುಕೊಡಬೇಕೆಂದು ನಿರೂಪ ಕಳುಹಿಸಿದರು. ಅಂತಿಮ ದೀಕ್ಷೆಗೆ ಮುಂಚೆ ತರುಣಿಯರು ಅದರಂತೆ ಬರೆದುಕೊಟ್ಟರು. ಆ ಹಾಳೆಗಳು ಮಠದ ದಫ್ತರದ ಕಪಾಟುಗಳನ್ನು ಸೇರಿ ಅರುವತ್ತು ವರ್ಷಗಳ ಕಾಲ ಸುಮ್ಮನೆ ಮಲಗಿದ್ದುವು. ಬರೆಸಿದವರಿಗಾಗಲಿ ಬರೆದವರಿಗಾಗಲಿ ಅವುಗಳಿಂದ ಮುಂದೆ ಆಗಲಿರುವ ಪ್ರಯೋಜನದ ಸುಳಿವಿರಲಿಲ್ಲ.

೪. ಬೇಡಿಕೆಯೂ ಒಪ್ಪಿಗೆಯೂ

ಜನಸಮುದಾಯಗಳಲ್ಲಿ ರೋಗಗಳು ಬರುವ ಬಗೆಯನ್ನು ಲೆಕ್ಕಹಾಕಿ ಶೋಧಿಸುವ ಶಾಸ್ತ್ರದಲ್ಲಿ ಪರಿಣತರಾದ ಡೇವಿಡ್ ಸ್ನೋಡನ್ ಎಂಬ ತರುಣ ಪಂಡಿತರು ೧೯೮೬ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಮನ್ಕೇಟೊ ಮಠಕ್ಕೆ ಬಂದರು. ಮೊದಲಿಗೆ ಅವರು ಕೇಳಿದ್ದು ಸನ್ಯಾಸಿನಿಯರ ವಿದ್ಯಾಭ್ಯಾಸ, ಉದ್ಯೋಗ, ಆರೋಗ್ಯಗಳ ವಿವರಗಳನ್ನು ಮಾತ್ರ. ಹೆಚ್ಚು ಓದಿ ಅಧ್ಯಾಪಕಿಯರಾದವರು, ಕಡಿಮೆ ಓದಿ ಅಡುಗೆ ಮೊದಲಾದ ಮನೆಗೆಲಸದಲ್ಲಿ ತೊಡಗಿದವರಿಗಿಂತ ಹೆಚ್ಚು ಕಾಲ ಬಾಳಿದರೆಂದೂ, ಮುಪ್ಪಿನಲ್ಲಿ ಪರರ ನೆರವಿಲ್ಲದೆ ನಡೆದಾಡುತ್ತಿದ್ದರೆಂದೂ ಆ ಲೆಕ್ಕದಿಂದ ಹೊರಪಟ್ಟಿತು. ೧೯೯೦ರಲ್ಲಿ ಅವರು ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಕಾರ್ಯವು ವಿಸ್ತಾರವಾಗಿ, ೧೯೧೭ಕ್ಕೆ ಮುಂಚೆ ಹುಟ್ಟಿದ, ಎಂದರೆ ಎಪ್ಪತ್ತೈದನ್ನು ದಾಟಿದ ಸನ್ಯಾಸಿನಿಯರನ್ನು ಎಲ್ಲ ಪ್ರಾಂತಗಳಿಂದಲೂ ಆಹ್ವಾನಿಸಲಾಯಿತು.

ಈ ಸಲದ ಬೇಡಿಕೆಯು ಮೂರು ಬಗೆಯದು. ದಫ್ತರದ ಕಾಗದಗಳನ್ನು ನೋಡಲು ಬಿಡಬೇಕು. ವರ್ಷವರ್ಷವೂ ಬುದ್ಧಿಶಕ್ತಿ ದೇಹಶಕ್ತಿಗಳ ಪರೀಕ್ಷೆಗೆ ಒಳಪಡಬೇಕು. ಮರಣಾನಂತರ ಮೆದುಳನ್ನು ಕೊಡಬೇಕು. ಅರ್ಹರಾಗಿದ್ದ ೧೦೨೭ ಮಂದಿಯಲ್ಲಿ ೬೭೮ ಮಂದಿ ಒಪ್ಪಿದರು. ಮೂರರಲ್ಲಿ ಎರಡು ಪಾಲು ಜನರು ಮೆದುಳನ್ನು ಕೊಡಲು ಸಮ್ಮತಿಸಿದುದು ಅಪೂರ್ವವಾದ ಸಂಗತಿ. ಉಳಿದ ಒಂದು ಪಾಲು ಜನರು ಒಪ್ಪದಿದ್ದುದನ್ನೂ ಇಲ್ಲಿ ಮರೆಯಲಾಗದು. ಬೇಡವೆನ್ನುವ ಸ್ವಾತಂತ್ರ್ಯವಿರುವಲ್ಲಿ ಮಾತ್ರ ಕೊಡುವೆನೆಂಬ ಮಾತು ದಾನವೆನ್ನಿಸಿಕೊಳ್ಳುವುದು. ಗುರುಸ್ಥಾನದವರ ಅಪ್ಪಣೆಯನ್ನು ಪಾಲಿಸುವ ವ್ರತವುಳ್ಳ ಮಠದಲ್ಲಿಯೂ ಈ ವಿಷಯದಲ್ಲಿ ಪ್ರತಿಯೊಬ್ಬರೂ ತಾವೇ ನಿರ್ಧರಿಸಿದರೆಂಬುದಕ್ಕೆ ಆ ೩೪೯ ಮಂದಿಯೇ ಸಾಕ್ಷಿ.

ಒಪ್ಪಿದವರ ಮುಂದಿದ್ದ ಪ್ರಶ್ನೆಯು ಲಘುವಾದುದಲ್ಲ. ಕ್ರೈಸ್ತಮತದವರು ಕಡೆಯ ದಿನದಲ್ಲಿ ದೇಹವೇ ಎದ್ದುಬರುವುದೆಂದು ನಂಬುವರು. ಆದರೂ ಕ್ಯಾಥೊಲಿಕ್ ಸಭೆಯು ಶಾಸ್ತ್ರಶೋಧನೆಗಾಗಿ ಮೃತದೇಹದ ಪರೀಕ್ಷೆಯನ್ನು ನಿಷೇಧಿಸಿಲ್ಲ. ೧೯೯೨ರಲ್ಲಿ ಪ್ರಕಟವಾದ ಅದರ ಧರ್ಮಬೋಧೆಯಲ್ಲಿ ಮರಣಾನಂತರ ಅಂಗಗಳನ್ನು ಇಚ್ಛಾಪೂರ್ವಕವಾಗಿ ಕೊಡುವುದು ಪುಣ್ಯಕಾರ್ಯವಾಗಬಹುದೆಂದು ಹೇಳಿದೆ. ಇದಕ್ಕಿಂತಲೂ ಕಠಿಣವಾದ ತ್ಯಾಗವೊಂದಿದ್ದಿತು. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿ ಪರೀಕ್ಷೆ ಮಾಡಿದವರು, ಎಂಬತ್ತು ತೊಂಬತ್ತರ ವಯಸ್ಸಿನಲ್ಲಿ ತಾವೇ ಪರೀಕ್ಷೆಗೆ ಕುಳಿತು, ಹತ್ತು ಸಾಮಾನ್ಯ ಪದಗಳನ್ನು ಓದಿ, ಸ್ವಲ್ಪ ಹೊತ್ತಿನ ಮೇಲೆ ಅವು ಯಾವುವೆಂದು ಕೇಳಿದಾಗ ಹೇಳಲಾರದೆ ತಡವರಿಸಬೇಕಾಗಿದ್ದಿತು. ತಮ್ಮ ಕುಂದನ್ನು ತಾವೇ ಕಾಣುವುದಕ್ಕೂ, ಪರರ ಕೈಯಲ್ಲಿ ಬರೆಯಿಸುವುದಕ್ಕೂ ಒಪ್ಪುವುದು ಅಹಂಕಾರವನ್ನು ಕೊಡುವ ದಾನವು. ಮೆದುಳಿನ ದಾನವು ಅದರ ಬಳಿಕ ಬರತಕ್ಕುದು.

ಅವರಲ್ಲಿ ಅನೇಕರಿಗೆ ಮುಂದೆ ನೆನಪು ಅಳಿಯಿತು. ಅಂಥವರು ತಾವು ವಾಗ್ದಾನ ಮಾಡಿದ್ದನ್ನೇ ಮರೆತರು. ಆದರೆ ಪಕ್ಕದಲ್ಲಿ ಉಂಡು ಪ್ರಾರ್ಥಿಸಿದ ಸೋದರಿಯರು ಮರೆಯಲಿಲ್ಲ. ಸನ್ಯಾಸಿನಿಯೊಬ್ಬರು ಕಾಲವಾದೊಡನೆ ಮಠದವರು ತಿಳಿಸುವರು. ಸಮೀಪದ ವೈದ್ಯನು ಹೊತ್ತು ಮೀರುವ ಮುಂಚೆ ಮೆದುಳನ್ನು ತೆಗೆದು ಕೆಡದಂತೆ ಔಷಧದ್ರವದಲ್ಲಿರಿಸಿ ಕೆಂಟಕಿಯ ಲೆಕ್ಸಿಂಗ್ಟನ್ ನಗರಕ್ಕೆ ಕಳುಹಿಸುವನು. ದೇಹವು ಮಠಕ್ಕೆ ಹಿಂತಿರುಗುವುದು. ಇದರಿಂದ ಮುಖವು ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗಳಿಗೆ ಲೋಪವಿಲ್ಲ, ಸಮಾಧಿಯು ತಮ್ಮವರ ನಡುವೆಯೇ ಆಗುವುದು. ಸಮಗ್ರ ದೇಹವನ್ನು ವೈದ್ಯಶಾಲೆಗೆ ಒಪ್ಪಿಸುವುದಕ್ಕೂ ಮೆದುಳೊಂದನ್ನು ಕೊಡುವುದಕ್ಕೂ ಇರುವ ಈ ಭೇದವು, ಮೃತರನ್ನು ಭೂಮಿಯಲ್ಲಿ ಸಮಾಧಿಮಾಡುವ ಸಂಪ್ರದಾಯದವರೆಲ್ಲರೂ ಗಮನಿಸತಕ್ಕುದು.

೫. ಮೆದುಳುಗಳು ಹೇಳಿದ್ದು

ಲೆಕ್ಸಿಂಗ್ಟನ್ನಿನಲ್ಲಿ ವಿಲಿಯಂ ಮಾರ್ಕೆಸ್ಬೆರಿ ಎಂಬ ವೈದ್ಯಪಂಡಿತರು ಮೆದುಳುಗಳನ್ನು ಪರೀಕ್ಷಿಸುತ್ತಿದ್ದರು. ಅದು ಯಾರದು, ಬದುಕಿದ್ದಾಗ ಅವರ ನೆನಪು ಹೇಗಿದ್ದಿತು ಎಂಬುದನ್ನು ಅವರಿಗೆ ತಿಳಿಸುತ್ತಿರಲಿಲ್ಲ. ಪಕ್ಷಪಾತಕ್ಕೆ ಎಡೆಯಾಗಬಾರದೆಂದು ಈ ನಿಯಮ. ಬಳಿಕ ಎರಡನ್ನೂ ಹೋಲಿಸಿ ನೋಡುವರು.

ಈ ಹೋಲಿಕೆಯಿಂದ ದೊರೆತ ಮೊದಲನೆಯ ಅಚ್ಚರಿಯು ಸಿಸ್ಟರ್ ಮೇರಿ ಎಂಬವರದು. ಅವರು ಎಂಟನೆಯ ತರಗತಿಯ ಓದಿನಿಂದಲೇ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪಾಠ ಹೇಳತೊಡಗಿ, ಬೇಸಗೆಯ ರಜೆಗಳಲ್ಲಿ ತಾವು ಕಲಿಯುತ್ತ, ಇಪ್ಪತ್ತೆರಡು ವರ್ಷಗಳ ಮೇಲೆ ತಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ ಪ್ರೌಢಶಾಲೆಯ ಪರೀಕ್ಷೆಯನ್ನು ಮುಗಿಸಿದರು. ಎಪ್ಪತ್ತೇಳರ ತನಕ ಪೂರ್ಣವಾಗಿಯೂ ಎಂಬತ್ತನಾಲ್ಕರ ತನಕ ಅಲ್ಪವಾಗಿಯೂ ಉಪಾಧ್ಯಾಯವೃತ್ತಿಯನ್ನು ನಡೆಸಿ, ನೂರೊಂದನೆಯ ವಯಸ್ಸಿನಲ್ಲಿ ದಿವಂಗತರಾದರು. ಕಡೆಯ ಪರೀಕ್ಷೆಗಳಲ್ಲಿಯೂ ಅವರ ಬುದ್ಧಿಯು ನಿರ್ಮಲವಾಗಿದ್ದಿತು. ಆದರೆ ಅವರ ಮೆದುಳನ್ನು ನೋಡಿದಾಗ ಆಲ್ಜೈಮರನು ಕಂಡ ಚಕ್ಕೆಗಳೂ ಸಿಕ್ಕುಗಳೂ ಹೇರಳವಾಗಿದ್ದುವು! ರೋಗವು ಮನೆಯೊಳಗೆ ಬಂದಿದ್ದರೂ ದೀಪವು ಆರಿರಲಿಲ್ಲ. ಮೆದುಳಿನ ಹಾನಿಗೂ ಬುದ್ಧಿಯ ಹಾನಿಗೂ ನೇರವಾದ ಸರಿತೂಕವಿಲ್ಲವೆಂಬ ಸಂಗತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಅಪರೂಪವು. ಇದು ದಾನದಿಂದಲೇ ತಿಳಿಯಬೇಕಾದ ಸತ್ಯ. ಆರೋಗ್ಯವಂತರೆಂದು ತೋರುವವರ ಮೆದುಳು ದೊರೆಯದಿದ್ದರೆ ಎಂದಿಗೂ ತಿಳಿಯುತ್ತಿರಲಿಲ್ಲ.

ಎರಡನೆಯ ಫಲವು ೧೯೯೭ರಲ್ಲಿ ಪ್ರಕಟವಾಯಿತು. ನೂರೆರಡು ಮೆದುಳುಗಳನ್ನು ಹೋಲಿಸಿದಾಗ, ಆಲ್ಜೈಮರನ ಕುರುಹುಗಳಿದ್ದವರಲ್ಲಿ ಯಾರ ಮೆದುಳಿನ ಒಳಭಾಗದಲ್ಲಿ ರಕ್ತವು ತಲುಪದೆ ಸತ್ತ ಸಣ್ಣ ಸಣ್ಣ ಎಡೆಗಳಿದ್ದುವೋ, ಅವರಲ್ಲಿ ಬಹುಮಂದಿ ಅರಳುಮರಳಾಗಿದ್ದರು. ಅಂತಹ ಎಡೆಗಳಿಲ್ಲದವರಲ್ಲಿ ಅನೇಕರು ರೋಗದ ಕುರುಹುಗಳಿದ್ದರೂ ಸ್ವಸ್ಥರಾಗಿ ಉಳಿದಿದ್ದರು. ರಕ್ತದ ಒತ್ತಡವನ್ನು ಹಿಡಿತದಲ್ಲಿಟ್ಟುಕೊಂಡು ಲಕ್ವವನ್ನು ತಡೆಯುವುದು ನೆನಪಿನ ರಕ್ಷಣೆಗೂ ಸಹಾಯವೆಂಬ ಪ್ರಯೋಜನಕರವಾದ ಸೂಚನೆಯು ಇದರಿಂದ ದೊರೆಯಿತು.

ಮೂರನೆಯದು ದಫ್ತರದಲ್ಲಿ ಮಲಗಿದ್ದ ಹಾಳೆಗಳಿಂದ ಬಂದಿತು. ಭಾಷಾಶೋಧಕಿಯಾದ ಸೂಸನ್ ಕೆಂಪರ್ ಎಂಬವರು ತೊಂಬತ್ತಮೂರು ಸನ್ಯಾಸಿನಿಯರು ಸರಾಸರಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬರೆದ ಆತ್ಮವೃತ್ತಾಂತಗಳ ಕಡೆಯ ಹತ್ತು ವಾಕ್ಯಗಳನ್ನು ಆರಿಸಿಕೊಂಡು, ಪ್ರತಿ ಹತ್ತು ಪದಗಳಲ್ಲಿ ಎಷ್ಟು ಭಾವಗಳು ಅಡಕವಾಗಿವೆಯೆಂದು ಎಣಿಸಿದರು. ೧೯೯೬ರಲ್ಲಿ ಪ್ರಕಟವಾದ ಫಲಿತಾಂಶವು ಲೋಕವನ್ನು ಬೆರಗುಗೊಳಿಸಿತು. ತೀರಿಕೊಂಡಿದ್ದ ಹದಿನಾಲ್ಕು ಮಂದಿಯಲ್ಲಿ, ಯೌವನದಲ್ಲಿ ಭಾವವಿರಳವಾಗಿ ಬರೆದಿದ್ದವರೆಲ್ಲರ ಮೆದುಳಿನಲ್ಲಿಯೂ ರೋಗವು ನಿಶ್ಚಿತವಾಗಿ ಕಂಡಿತು; ಭಾವಭರಿತವಾಗಿ ಬರೆದಿದ್ದವರಲ್ಲಿ ಒಬ್ಬರಲ್ಲಿಯೂ ಕಾಣಲಿಲ್ಲ. ೨೦೦೧ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಲ್ಲಿ, ೧೮೦ ಮಂದಿಯ ಹಾಳೆಗಳನ್ನು ನೋಡಿ, ಸಂತೋಷ, ಕೃತಜ್ಞತ�ೆ, ಭರವಸೆಗಳನ್ನು ಹೆಚ್ಚಾಗಿ ವ್ಯಕ್ತಪಡಿಸಿದವರು ಹೆಚ್ಚು ಕಾಲ ಬದುಕಿದರೆಂದು ತೋರಿಸಲಾಯಿತು.

ಇಲ್ಲಿ ವಿವೇಕಿಗಳು ಎಚ್ಚರದಿಂದಿರಬೇಕು. ಹದಿನಾಲ್ಕು ಎಂಬುದು ಸಣ್ಣ ಸಂಖ್ಯೆ. ವಿರಳವಾದ ಬರವಣಿಗೆಯು ರೋಗಕ್ಕೆ ಕಾರಣವೋ, ಅಥವಾ ಬಹುಕಾಲದ ಮೇಲೆ ಬರಲಿರುವ ರೋಗದ ಮೊದಲ ನೆರಳೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಸನ್ಯಾಸಿನಿಯರ ಜೀವನಕ್ರಮವು ಗೃಹಸ್ಥರದಲ್ಲ; ಅವರಲ್ಲಿ ಕಂಡದ್ದು ಸರ್ವರಿಗೂ ಅನ್ವಯಿಸಬೇಕೆಂಬ ನಿಯಮವಿಲ್ಲ. ಅಲಂಕಾರವಾಗಿ ಬರೆಯುವುದನ್ನು ಕಲಿತರೆ ಮರೆವು ಬಾರದೆಂದು ಯಾರಾದರೂ ಹೇಳಿದರೆ ಅದು ಶಾಸ್ತ್ರವಲ್ಲ. ಸರಳವಾಗಿ ಬರೆದ ಆ ತರುಣಿಯರ ಹಾಳೆಗಳನ್ನು ಯಾರೂ ಹಗುರವಾಗಿ ಕಾಣಬಾರದು. ಅವರ ಹಾಳೆಯೂ ಅವರ ಮೆದುಳೂ ಇಲ್ಲದಿದ್ದರೆ ಉಳಿದವರದಕ್ಕೆ ಅರ್ಥವೇ ಇರುತ್ತಿರಲಿಲ್ಲ. ನೆನಪನ್ನು ಉಳಿಸಿಕೊಂಡವರ ದಾನವೆಷ್ಟೋ, ಕಳೆದುಕೊಂಡವರ ದಾನವೂ ಅಷ್ಟೇ.

೬. ಮುಂದಿನ ಹಾದಿ

ಈ ಮೇಲ್ಪಂಕ್ತಿಯು ಒಂದೇ ಸಂಘದಲ್ಲಿ ನಿಲ್ಲಲಿಲ್ಲ. ೧೯೯೪ರಿಂದ ಶಿಕಾಗೊ ನಗರದ ರಶ್ ವೈದ್ಯಕೇಂದ್ರದವರು ಅಮೇರಿಕಾದ ನಾನಾ ಕ್ಯಾಥೊಲಿಕ್ ಸಂಘಗಳ ಸನ್ಯಾಸಿನಿಯರನ್ನೂ ಪಾದ್ರಿಗಳನ್ನೂ ಬ್ರಹ್ಮಚಾರಿಗಳನ್ನೂ ಸೇರಿಸಿಕೊಂಡು, ವಾರ್ಷಿಕ ಪರೀಕ್ಷೆ ಮತ್ತು ಮರಣಾನಂತರದ ಮೆದುಳಿನ ದಾನ ಎಂಬ ಎರಡು ಕಟ್ಟಳೆಗಳ ಮೇಲೆ ಇಂತಹದೇ ಕಾರ್ಯವನ್ನು ಕೈಕೊಂಡರು. ನೋತ್ರ್ ದಾಮ್ ಸನ್ಯಾಸಿನಿಯರ ಮೆದುಳುಗಳ ಸಂಗ್ರಹವು ೨೦೦೮ರಲ್ಲಿ ಕಾರ್ಯವು ಮೊದಲಾದ ಮಿನ್ನೆಸೋಟಕ್ಕೇ ಮರಳಿತು. ದಾನಿಗಳು ಹೋದ ಮೇಲೂ ಆ ಸಂಗ್ರಹದಿಂದ ಹೊಸ ಪ್ರಶ್ನೆಗಳಿಗೆ ಉತ್ತರವನ್ನು ಅರಸುವುದು ನಡೆಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ಕಾಲದಲ್ಲಿ ದೊರೆಯುವುದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸತ್ತ ಕೂಸುಗಳ ಅಂಗಗಳನ್ನು ತಂದೆತಾಯಿಗಳಿಗೆ ತಿಳಿಸದೆ ತೆಗೆದಿರಿಸಿದ್ದ ಸಂಗತಿಯು ೧೯೯೯ರಲ್ಲಿ ಹೊರಬಿದ್ದಿತು. ಜನರ ಸಂಕಟವೂ ಕೋಪವೂ ಮೇರೆ ಮೀರಿ, ಒಪ್ಪಿಗೆಯನ್ನೇ ಮೂಲಾಧಾರವಾಗಿ ಮಾಡಿದ ಕಾಯಿದೆಯು ೨೦೦೪ರಲ್ಲಿ ಆಯಿತು. ಶಾಸ್ತ್ರಕ್ಕೆ ಬೇಕಾದ ವಸ್ತುವು ಒಂದೇ. ಕೇಳಿ ಪಡೆದಲ್ಲಿ ಅದು ಪ್ರಸಾದವಾಯಿತು. ಕೇಳದೆ ತೆಗೆದಲ್ಲಿ ಶಾಪವಾಯಿತು.

ನಮ್ಮ ಕರ್ನಾಟಕದಲ್ಲಿಯೂ ಈ ಕಾರ್ಯಕ್ಕೆ ನೆಲೆಯಿರುವುದು. ದೇಹವನ್ನು ವೈದ್ಯವಿದ್ಯೆಗೆ ಒಪ್ಪಿಸುವ ವಿಷಯದಲ್ಲಿ ೧೯೫೭ರ ಅಂಗರಚನಾ ಕಾಯಿದೆಯು ಇದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ಜನರು ನಿಮ್ಹಾನ್ಸ್ ಎಂದು ಕರೆಯುವಲ್ಲಿ, ೧೯೯೫ರಲ್ಲಿ ಮಾನವ ಮೆದುಳಿನ ಸಂಗ್ರಹಾಲಯವು ಸ್ಥಾಪಿತವಾಯಿತು. ಬಂಧುಗಳ ಒಪ್ಪಿಗೆಯಿಂದ ದೊರೆತ ಮೆದುಳುಗಳನ್ನು ಅಲ್ಲಿ ಕಾಪಾಡಿ ಶೋಧಕರಿಗೆ ಒದಗಿಸುವರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ೨೦೧೮ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದನ್ನು ದಾಟಿದ ಗ್ರಾಮಸ್ಥರ ಬುದ್ಧಿ ಆರೋಗ್ಯಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವ ಕಾರ್ಯವನ್ನು ಆರಂಭಿಸಿತು. ಬೇರೆ ಅನ್ನವನ್ನು ಉಂಡು, ಬೇರೆ ಬಿಸಿಲಿನಲ್ಲಿ ದುಡಿದು, ಅಕ್ಷರವಿಲ್ಲದೆಯೂ ವಿವೇಕದಿಂದ ಬಾಳಿದ ನಮ್ಮ ವೃದ್ಧರ ಮುಪ್ಪನ್ನು ಅಮೇರಿಕಾದ ಮೆದುಳುಗಳಿಂದಲೇ ಪೂರ್ತಿಯಾಗಿ ತಿಳಿಯಲಾಗದಷ್ಟೆ. ಆದುದರಿಂದ ಈ ನೆಲೆಗಳು ಬೆಳೆಯುವುದು ಅಗತ್ಯವು.

ಸನ್ಯಾಸಿನಿಯರ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ಒಂದು, ಮುಪ್ಪಿನ ಶೋಧನೆಗೆ ಬೇಕಾದ ದಾನವು ಸತ್ತ ದಿನದ ದಾನವಲ್ಲ. ಇಪ್ಪತ್ತೆರಡರ ಹಾಳೆಯಿಂದ ಮೊದಲಾಗಿ ನೂರೊಂದರ ಪರೀಕ್ಷೆಯವರೆಗಿನ ಬಾಳೇ ಆ ದಾನವು. ಮೆದುಳು ಅದಕ್ಕೆ ಕಡೆಯ ಮುದ್ರೆ ಮಾತ್ರ. ಇನ್ನೊಂದು, ಅಂತಹ ದಾನವನ್ನು ಒಬ್ಬಂಟಿಗನು ನೆರವೇರಿಸಲಾರನು. ಕಾಗದವನ್ನು ಕಾಪಾಡುವವರು ಬೇಕು, ಕಾಯಿಲೆಯಲ್ಲಿ ಉಪಚರಿಸುವವರು ಬೇಕು, ದಾನಿಯು ಮರೆತರೂ ಆತನ ಮಾತನ್ನು ನೆನೆದು ನಡೆಸುವವರು ಬೇಕು. ಮಠವೆಂಬುದು ಅಂತಹ ನೆನಪಿನ ಮನೆ.

ಆ ಸನ್ಯಾಸಿನಿಯರು ಕೈಕೊಂಡಿದ್ದ ವ್ರತವು ಕಲಿಸುವುದು. ಕರಿಹಲಗೆಯ ಮುಂದೆ ನಿಲ್ಲುವ ಶಕ್ತಿಯು ತಪ್ಪಿದ ಮೇಲೆ ಅವರು ಕುಳಿತು ಕಲಿಸಿದರು. ಮಾತು ತಪ್ಪಿದ ಮೇಲೆ ಮೌನದಿಂದ ಕಲಿಸಿದರು. ಉಸಿರು ನಿಂತ ಮೇಲೂ ಕಲಿಸುವುದನ್ನು ಬಿಡಲಿಲ್ಲ. ಶತಾಯುಷಿಯ ಶರೀರವು ಪಾಠಕ್ಕೆ ಒದಗದೆಂದು ಸುಶ್ರುತಾಚಾರ್ಯನು ಬದಿಗಿರಿಸಿದ್ದನಷ್ಟೆ. ಅದೂ ಒಂದು ಪಾಠವೆಂದು ಈ ಉಪಾಧ್ಯಾಯಿನಿಯರು ತೋರಿಸಿಕೊಟ್ಟರು.